ಕೊಡಗಿನಲ್ಲೇ ಓಡಿ ಥಾರ್ ಮರುಭೂಮಿ ದಾಟುವುದು ಹೇಗೆ? ಜೋಧ್‌ಪುರದಿಂದ ತನೋಟ್‌ವರೆಗಿನ ವರ್ಚುವಲ್ ಓಟಕ್ಕೆ ಸಮಗ್ರ ಮಾರ್ಗದರ್ಶಿ

ವರ್ಚುವಲ್ ಓಟದಲ್ಲಿ ನೀವು ಓಡುವುದು ನಿಮ್ಮೂರ ರಸ್ತೆಯಲ್ಲೇ. ಕಿಲೋಮೀಟರ್ ಮಾತ್ರ ಬೇರೆ ಎಲ್ಲೋ ಇರುವ ದಾರಿಯ ಲೆಕ್ಕಕ್ಕೆ ಸೇರುತ್ತದೆ. ಇವತ್ತು ಮೂರ್ನಾಡಿನಲ್ಲಿ 5 ಕಿ.ಮೀ. ಓಡಿದಿರಾ, ನಕ್ಷೆಯಲ್ಲಿ ನಿಮ್ಮ ಗುರುತು ಜೋಧ್‌ಪುರದಿಂದ 5 ಕಿ.ಮೀ. ಮುಂದಕ್ಕೆ ಹೋಗುತ್ತದೆ. ನಾಳೆ ಗೋಣಿಕೊಪ್ಪದಲ್ಲಿರುವ ನಿಮ್ಮ ತಂಗಿ 4 ಕಿ.ಮೀ. ನಡೆದರೆ ಅದೂ ಅದೇ ದಾರಿಗೆ. ಇಷ್ಟೇ ವಿಷಯ.

ಇದನ್ನು ನಡೆಸುವ ಆ್ಯಪ್‌ಗಳು ಬೇಕಾದಷ್ಟಿವೆ. ದುಡ್ಡು ಕಟ್ಟಿದರೆ ಕೊನೆಗೆ ಮೆಡಲ್ ಮನೆಗೆ ಬರುತ್ತದೆ. ಬೇಕಾದವರು ಹಾಗೆ ಮಾಡಬಹುದು. ನನ್ನ ಪ್ರಕಾರ ಆ್ಯಪ್ ಬೇಕಾಗಿಲ್ಲ, ಮೆಡಲ್ ಕೂಡ ಬೇಕಾಗಿಲ್ಲ. ಬೇಕಾದದ್ದು ದಾರಿಯ ಊರುಗಳು. ಊರು ತಲುಪಿದಾಗ ಆ ಊರಿನ ಬಗ್ಗೆ ಏನೂ ತಿಳಿಯದೆ ಮುಂದೆ ಹೋದರೆ ನೀವು ಮೂರು ತಿಂಗಳು ಸುಮ್ನೆ ಒಂದು ಸಂಖ್ಯೆ ಕೂಡಿಸಿದಂತೆ. ಅದಕ್ಕೇ ಈ ಬರಹದಲ್ಲಿ ಓಟದಷ್ಟೇ ಊರುಗಳ ಮಾತೂ ಇದೆ.

ಮರುಭೂಮಿಯೇ ಯಾಕೆ? ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಜೈಸಲ್ಮೇರ್‌ನಲ್ಲಿ ಸರಾಸರಿ 200 ಮಿ.ಮೀ. ಒಳಗೆ. ಅವರ ಇಡೀ ವರ್ಷದ ಮಳೆ ನಮ್ಮಲ್ಲಿ ಆಟಿ ತಿಂಗಳ ಜೋರು ಮಳೆಯ ಎರಡು ದಿನದಲ್ಲಿ ಬಿದ್ದು ಹೋಗಬಹುದು. ಇಷ್ಟು ನೀರಿನ ನಡುವೆ ಬದುಕುವವರಿಗೆ, ಹನಿ ನೀರಿಗೂ ಲೆಕ್ಕ ಇಟ್ಟು ಸಾವಿರ ವರ್ಷ ಬಾಳಿದ ಊರುಗಳಿಂದ ತಿಳಿಯಬೇಕಾದದ್ದು ಬಹಳ ಇದೆ. ಇನ್ನೊಂದು ಕಾರಣವೂ ಇದೆ. ಕೊಡಗಿನಲ್ಲಿ ಸೇನೆಯಲ್ಲಿದ್ದವರು ಇಲ್ಲದ ಊರು ಸಿಗುವುದು ಕಷ್ಟ. ಅವರಲ್ಲಿ ಎಷ್ಟೋ ಜನ ಜೈಸಲ್ಮೇರ್, ಬಾಡಮೇರ್, ಪೋಖರಣ್ ಕಡೆ ಡ್ಯೂಟಿ ಮಾಡಿ ಬಂದವರು. ಅಂದರೆ ಈ ದಾರಿಯನ್ನು ಕಣ್ಣಾರೆ ಕಂಡವರು ನಿಮ್ಮ ಪಕ್ಕದ ಮನೆಯಲ್ಲೇ ಇರಬಹುದು.

ದಾರಿ ಮತ್ತು ದಿನಗಳನ್ನು ಗೊತ್ತು ಮಾಡಿಕೊಳ್ಳಿ

ಇದು ಜೋಧ್‌ಪುರದಿಂದ ಗಡಿಯ ಪಕ್ಕದ ತನೋಟ್‌ವರೆಗಿನ ದಾರಿ. ರಸ್ತೆಯ ದೂರಗಳು ಸುಮಾರಾಗಿ ಹೀಗಿವೆ:

ಜೋಧ್‌ಪುರ – ಓಸಿಯಾಂ: 65 ಕಿ.ಮೀ.
ಓಸಿಯಾಂ – ಫಲೋದಿ: 75
ಫಲೋದಿ – ರಾಮ್‌ದೇವ್ರಾ: 45
ರಾಮ್‌ದೇವ್ರಾ – ಪೋಖರಣ್: 13
ಪೋಖರಣ್ – ಜೈಸಲ್ಮೇರ್: 112
ಜೈಸಲ್ಮೇರ್ – ರಾಮ್‌ಗಢ: 65
ರಾಮ್‌ಗಢ – ಲೋಂಗೇವಾಲಾ: 45
ಲೋಂಗೇವಾಲಾ – ತನೋಟ್: 40

ಒಟ್ಟು ಸುಮಾರು 460 ಕಿ.ಮೀ. ಗೂಗಲ್ ಮ್ಯಾಪ್ಸ್‌ನಲ್ಲಿ ಒಮ್ಮೆ ನೀವೇ ಹಾಕಿ ನೋಡಿ. ಬೈಪಾಸ್ ಹಿಡಿದರೆ, ಊರೊಳಗೆ ಹೋದರೆ ನಾಲ್ಕೈದು ಕಿಲೋಮೀಟರ್ ಆಚೆ ಈಚೆ ಆಗುತ್ತದೆ. ಒಂದು ಅಂಕಿ ಹಿಡಿದು ಅದಕ್ಕೇ ಅಂಟಿಕೊಳ್ಳಿ, ಸಾಕು.

ದೊಡ್ಡ ಗುಂಪು ಇದ್ದರೆ ಮಡಿಕೇರಿಯಿಂದಲೇ ಹೊರಡಬಹುದು. ಹುಬ್ಬಳ್ಳಿ, ಪುಣೆ, ಅಹಮದಾಬಾದ್ ಮೇಲೆ ಜೋಧ್‌ಪುರಕ್ಕೆ ಸುಮಾರು 2,000 ಕಿ.ಮೀ., ಅಲ್ಲಿಂದ ತನೋಟ್‌ಗೆ ಮೇಲಿನ 460. ಎಂಟು ಜನ ವಾರಕ್ಕೆ ತಲಾ 25 ಕಿ.ಮೀ. ಹಾಕಿದರೆ ಮೂರು ತಿಂಗಳಿಗೆ ಸ್ವಲ್ಪ ಕಡಿಮೆ ದಿನ ಸಾಕು. ಒಬ್ಬರೇ ಅಥವಾ ಇಬ್ಬರು ಇದ್ದರೆ ಮರುಭೂಮಿ ಭಾಗವನ್ನಷ್ಟೇ ಹಿಡಿಯಿರಿ.

ಯಾವಾಗ ಶುರು ಮಾಡಬೇಕು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿನ ದಿನ, ಸೆಪ್ಟೆಂಬರ್ 3ಕ್ಕೆ. ಆ ಹೊತ್ತಿಗೆ ನಾಟಿ ಮುಗಿದಿರುತ್ತದೆ, ಮಳೆಯ ಅಬ್ಬರ ತಗ್ಗುತ್ತಾ ಬಂದಿರುತ್ತದೆ, ಕಾಫಿ ಕುಯ್ಲು ಇನ್ನೂ ದೂರ ಇರುತ್ತದೆ. ಅಲ್ಲಿಂದ ಡಿಸೆಂಬರ್ 16ರ ವಿಜಯ ದಿವಸಕ್ಕೆ ಸರಿಯಾಗಿ 104 ದಿನ. 460ನ್ನು 104 ದಿನಕ್ಕೆ ಹಂಚಿದರೆ ದಿನಕ್ಕೆ ಸರಾಸರಿ 4.4 ಕಿ.ಮೀ., ವಾರಕ್ಕೆ 31. ಈ ವೇಗದಲ್ಲಿ ಹೋದರೆ ಏನಾಗುತ್ತದೆ ನೋಡಿ. ಅಕ್ಟೋಬರ್ ಮೊದಲ ವಾರ ಫಲೋದಿ, ಚಳಿಗಾಲದ ಹಕ್ಕಿಗಳು ಬಂದಿಳಿಯುವ ಕಾಲ. ಅಕ್ಟೋಬರ್ 17ರ ತುಲಾ ಸಂಕ್ರಮಣದ ಆಸುಪಾಸು, ತಲಕಾವೇರಿಯಲ್ಲಿ ತೀರ್ಥೋದ್ಭವ ಆಗುವಾಗ, ನೀವು ಪೋಖರಣ್‌ನಲ್ಲಿ. ನವೆಂಬರ್ ಎರಡನೇ ವಾರ ಜೈಸಲ್ಮೇರ್. ಡಿಸೆಂಬರ್ ಮೊದಲ ವಾರ ಲೋಂಗೇವಾಲಾ. ಅಲ್ಲಿ 1971ರ ಕದನ ಶುರುವಾದದ್ದು ಡಿಸೆಂಬರ್ 4ರ ರಾತ್ರಿ. ನಡುವೆ ಎರಡು ದಿನ ಜಾಸ್ತಿ ಓಡಿದರೆ ಸರಿಯಾಗಿ 5ನೇ ತಾರೀಕು ಅಲ್ಲಿರಬಹುದು.

ಈಗಷ್ಟೇ ಓಡಲು ಶುರು ಮಾಡುವವರಿಗೆ ವಾರಕ್ಕೆ 31 ಜಾಸ್ತಿಯೇ. ಅಂಥವರು ಇಬ್ಬರು ಸೇರಿ ಒಂದು ಗುರುತು ನಡೆಸಿ. ವಾರಕ್ಕೆ ತಲಾ 15–16 ಕಿ.ಮೀ., ಅದರಲ್ಲಿ ಅರ್ಧ ನಡಿಗೆಯಾದರೂ ಸರಿ. ಬಿಪಿ, ಶುಗರ್, ಹೃದಯದ ತೊಂದರೆ ಇರುವವರು ಮೊದಲು ಡಾಕ್ಟರ ಹತ್ತಿರ ಮಾತಾಡಿ ಬನ್ನಿ.

ನಕ್ಷೆ, ಲೆಕ್ಕ, ನಿಯಮ

ಗೋಡೆಗೆ ಒಂದು ಕಾಗದದ ನಕ್ಷೆ ಬೇಕು. ಫೋನಿನಲ್ಲಿರುವ ನಕ್ಷೆಯನ್ನು ಮಕ್ಕಳು, ಅಜ್ಜಿ, ಕೆಲಸಕ್ಕೆ ಬರುವವರು ಯಾರೂ ನೋಡುವುದಿಲ್ಲ. ಗೋಡೆಯ ಮೇಲಿದ್ದರೆ ಎಲ್ಲರೂ ನೋಡುತ್ತಾರೆ, "ಇವತ್ತು ಎಲ್ಲಿದ್ದೀರಿ?" ಅಂತ ಕೇಳುತ್ತಾರೆ. ಅರ್ಧ ಕೆಲಸ ಆ ಪ್ರಶ್ನೆಯಿಂದಲೇ ನಡೆಯುತ್ತದೆ. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ 92 ಸೆಂಟಿಮೀಟರ್ ಉದ್ದದ ದಾರಿ ಬರೆಯಿರಿ. ಒಂದೇ ಹಾಳೆ ಸಾಲದಿದ್ದರೆ ಎರಡನ್ನು ಅಂಟಿಸಿ. ಆಗ 1 ಸೆಂ.ಮೀ. ಅಂದರೆ 5 ಕಿ.ಮೀ. ಹೆಚ್ಚುಕಡಿಮೆ ಒಂದು ದಿನದ ಓಟ. ಊರಿರುವಲ್ಲಿ ಚುಕ್ಕಿ ಹಾಕಿ ಹೆಸರು ಬರೆಯಿರಿ. ನಡುವೆ ಖಾಲಿ ಇರುವ ಕಡೆ ಖಾಲಿಯಾಗಿಯೇ ಬಿಡಿ. ಪೋಖರಣ್ ಮತ್ತು ಜೈಸಲ್ಮೇರ್ ನಡುವಿನ 22 ಸೆಂಟಿಮೀಟರ್ ಖಾಲಿ ಗೆರೆ ನೋಡಿದಾಗ ಮರುಭೂಮಿ ಅಂದರೇನು ಅಂತ ಸ್ವಲ್ಪ ಅರ್ಥವಾಗುತ್ತದೆ.

ಲೆಕ್ಕಕ್ಕೆ ಗೂಗಲ್ ಶೀಟ್‌ನಲ್ಲಿ ಐದು ಕಾಲಂ ಸಾಕು: ತಾರೀಕು, ಯಾರು, ಎಲ್ಲಿ ಓಡಿದ್ದು, ಎಷ್ಟು ಕಿ.ಮೀ., ಒಟ್ಟು ಎಷ್ಟು. ನೆಟ್‌ವರ್ಕ್ ನಂಬಿಕೊಂಡು ಕೂರಬೇಡಿ. ಗಾಳಿ ಮಳೆಗೆ ಕರೆಂಟ್ ಹೋದರೆ ಹಿಂದೆಯೇ ಟವರ್ ಕೂಡ ಹೋಗುವುದು ನಮ್ಮಲ್ಲಿ ಮಾಮೂಲು. ನಕ್ಷೆಯ ಪಕ್ಕದಲ್ಲಿ ಒಂದು ನೋಟ್‌ಬುಕ್ಕು, ಅದಕ್ಕೆ ದಾರ ಕಟ್ಟಿದ ಪೆನ್ಸಿಲ್ ಇರಲಿ. ವಾರಕ್ಕೊಮ್ಮೆ ಶೀಟಿಗೆ ಏರಿಸಿದರೆ ಆಯಿತು.

ದೂರ ಅಳೆಯಲು ಸ್ಟ್ರಾವಾ ಥರದ ಆ್ಯಪ್ ಆದೀತು. ಆದರೆ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ದಟ್ಟ ನೆರಳಿನ ತೋಟದ ದಾರಿಯಲ್ಲಿ ಜಿಪಿಎಸ್ ತಪ್ಪುತ್ತದೆ. ನೀವು ನೇರ ಓಡಿದ್ದರೂ ಪರದೆಯ ಮೇಲೆ ಅಂಕುಡೊಂಕು ಗೆರೆ ಬೀಳುತ್ತದೆ, ಓಡದ ಕಿಲೋಮೀಟರ್ ಸೇರಿಕೊಳ್ಳುತ್ತದೆ. ದಿನಾ ಓಡುವ ದಾರಿಯನ್ನು ಒಮ್ಮೆ ಬೈಕಿನ ಮೀಟರಿನಲ್ಲಿ ಅಳೆದು ಇಟ್ಟುಕೊಳ್ಳಿ. ಗೇಟಿನಿಂದ ಮೋರಿವರೆಗೆ ಎಷ್ಟು, ಮೋರಿಯಿಂದ ಅಂಗಡಿವರೆಗೆ ಎಷ್ಟು ಅಂತ ಬರೆದಿಟ್ಟರೆ ಫೋನೇ ಬೇಡ.

ನಿಯಮಗಳನ್ನು ಮೊದಲ ದಿನವೇ ಮಾಡಿಕೊಳ್ಳಿ. ಆಮೇಲೆ ಮಾಡಿದರೆ ಜಗಳ. ನಾನು ಹೇಳುವುದು ಇಷ್ಟು. ಓಟ, ನಡಿಗೆ ಎರಡೂ ಸೇರಲಿ. ಸೈಕಲ್ ಬೇಡ. ತೋಟದಲ್ಲಿ ಕೆಲಸಕ್ಕೆ ಓಡಾಡಿದ ಹೆಜ್ಜೆ, ಮನೆಯೊಳಗಿನ ಹೆಜ್ಜೆ ಬೇಡ. ಓಡಲೆಂದೇ ಹೊರಟದ್ದು ಮಾತ್ರ ಲೆಕ್ಕ. ಏರಿಗೆ ಬೋನಸ್ ಕೊಡಬೇಕು ಅಂತ ಮಡಿಕೇರಿಯವರು ಕೇಳಿಯೇ ಕೇಳುತ್ತಾರೆ. ಕುಶಾಲನಗರದಲ್ಲಿ ಕಾವೇರಿ ಬದಿಯ ಸಮತಟ್ಟು ರಸ್ತೆಯಲ್ಲಿ ಓಡಿದ 5 ಕಿ.ಮೀ., ಮಡಿಕೇರಿ ಪೇಟೆಯ ಏರು ಹತ್ತಿದ 5 ಕಿ.ಮೀ. ಒಂದೇ ಅಲ್ಲ, ನಿಜ. ಆದರೂ ಬೋನಸ್ ಬೇಡ ಅನ್ನುತ್ತೇನೆ. ನಕ್ಷೆ ತಿಳಿಯುವುದು ದೂರವನ್ನು ಮಾತ್ರ.

ಎಲ್ಲಿ ಓಡುವುದು, ಹೇಗೆ ಓಡುವುದು

ನಮ್ಮಲ್ಲಿ ಮೊದಲ ಮಾತು ಆನೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ, ಬಾಳೆಲೆ, ಅಮ್ಮತ್ತಿ ಕಡೆ ಬೆಳಕು ಹರಿಯುವ ಮೊದಲು, ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಓಡಬೇಡಿ. ಗುಂಪಿನಲ್ಲಿದ್ದರೂ ಬೇಡ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಆನೆ ಬಂದ ಸುದ್ದಿ ಇದೆಯಾ ಅಂತ ನೋಡಿಯೇ ಶೂ ಹಾಕಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಬಿದಿರು ಮುರಿಯುವ ಸದ್ದು ಕೇಳಬೇಕು, ಹಿಂದೆ ಬರುವ ಜೀಪಿನ ಸದ್ದೂ ಕೇಳಬೇಕು. ಮಂಜು ಕವಿದಿದ್ದರೆ ತಿರುವಿನ ರಸ್ತೆ ಬಿಟ್ಟು ಮೈದಾನಕ್ಕೆ ಹೋಗಿ. ಮೈಮೇಲೆ ಹೊಳೆಯುವ ಪಟ್ಟಿಯ ಜಾಕೆಟ್ ಇರಲಿ. ಮಡಿಕೇರಿಯವರಿಗೆ ಜನರಲ್ ತಿಮ್ಮಯ್ಯ ಕ್ರೀಡಾಂಗಣ ಇದೆ, ಉಳಿದ ಕಡೆ ಶಾಲೆ ಕಾಲೇಜು ಮೈದಾನಗಳಿವೆ.

ಆನೆ ಇರುವ ದಿನ, ಮಳೆ ಬಿಡದ ದಿನ ಏನು ಮಾಡುವುದು? ಕಾಫಿ ಕಣ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಅದು ಖಾಲಿ ಬಿದ್ದಿರುತ್ತದೆ, ಮನೆ ಪಕ್ಕದಲ್ಲೇ ಇರುತ್ತದೆ. 40 ಮೀಟರ್ ಉದ್ದ, 25 ಮೀಟರ್ ಅಗಲದ ಕಣ ಇದ್ದರೆ ಒಂದು ಸುತ್ತು 130 ಮೀಟರ್. ಅಂಚಿನಿಂದ ಸ್ವಲ್ಪ ಒಳಗೆ ಓಡುತ್ತೀರಿ, ಹಾಗಾಗಿ ಎಂಟು ಸುತ್ತಿಗೆ ಒಂದು ಕಿಲೋಮೀಟರ್ ಅಂತ ಹಿಡಿಯಬಹುದು. ಮೊದಲು ಪಾಚಿ ತೆಗೆಯಬೇಕು. ಮಳೆಗಾಲ ಕಳೆದ ಸಿಮೆಂಟಿನ ಮೇಲೆ ಹಸಿರು ಪದರ ಕಣ್ಣಿಗೆ ಕಾಣದಷ್ಟು ತೆಳ್ಳಗಿದ್ದರೂ ಕಾಲು ಜಾರಿಸುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ, ಗಟ್ಟಿ ಪೊರಕೆಯಲ್ಲಿ ಉಜ್ಜಿ, ತೊಳೆದು ಒಣಗಲು ಬಿಡಿ. ಹೇಗೂ ಕುಯ್ಲಿಗೆ ಮುಂಚೆ ಮಾಡಲೇಬೇಕಾದ ಕೆಲಸ ಅದು. ಐದು ಸುತ್ತಿಗೊಮ್ಮೆ ದಿಕ್ಕು ಬದಲಿಸಿ, ಇಲ್ಲದಿದ್ದರೆ ಒಂದೇ ಮೊಣಕಾಲಿಗೆ ಭಾರ ಬೀಳುತ್ತದೆ. ಡಿಸೆಂಬರ್ ಬಂತೆಂದರೆ ಕಣ ಕಾಫಿಗೆ, ನೀವು ಮತ್ತೆ ರಸ್ತೆಗೆ.

ಶೂ ಎರಡು ಜೊತೆ ಬೇಕು, ತಳ ಜಾರದಂಥವು. ಒಂದು ಒದ್ದೆಯಾದರೆ ಒಳಗಿನ ಅಟ್ಟೆ ಹೊರಗೆ ತೆಗೆದು, ಹಳೆಯ ಪೇಪರ್ ಉಂಡೆ ಮಾಡಿ ತುಂಬಿ, ಒಲೆಯಿಂದ ನಾಲ್ಕಡಿ ದೂರ ಇಡಿ. ಒಂದು ಗಂಟೆ ಬಿಟ್ಟು ಪೇಪರ್ ಬದಲಿಸಿ. ಬೆಂಕಿಗೆ ತೀರ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಜಿಗಣೆಗೆ ಉದ್ದ ಕಾಲುಚೀಲ, ಅದರ ಮೇಲೆ ಸ್ವಲ್ಪ ನಶ್ಯಪುಡಿ ಅಥವಾ ಬೇವಿನೆಣ್ಣೆ.

ಇಳಿಜಾರಿನ ಬಗ್ಗೆ ಒಂದು ಮಾತು. ಏರಿನಲ್ಲಿ ಉಸಿರು ಕಟ್ಟುತ್ತದೆ, ಆದರೆ ಮೊಣಕಾಲು ಹಾಳಾಗುವುದು ಇಳಿಯುವಾಗ. ಹೆಜ್ಜೆ ಚಿಕ್ಕದು ಮಾಡಿ, ಮೈ ಹಿಂದಕ್ಕೆ ವಾಲಿಸಬೇಡಿ, ಕಡಿದಾದ ಕಡೆ ನಡೆಯಿರಿ. ವಾರದಿಂದ ವಾರಕ್ಕೆ ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ದೂರ ಏರಿಸಬೇಡಿ. ವಾರಕ್ಕೆ ಒಂದು ದಿನ ಪೂರ್ತಿ ರಜೆ. ಮೊಣಕಾಲ ಕೆಳಗಿನ ಮುಂಭಾಗದ ಎಲುಬು ಒತ್ತಿದರೆ ನೋಯುತ್ತಿದೆಯಾ? ಅದು ಮಾಯುವವರೆಗೆ ಓಡಬೇಡಿ, ಗುರುತು ಇದ್ದಲ್ಲೇ ಇರಲಿ. ಮರುಭೂಮಿ ಎಲ್ಲಿಗೂ ಹೋಗುವುದಿಲ್ಲ.

ಊರು ತಲುಪಿದ ದಿನ ಏನು ಮಾಡಬೇಕು

ಪ್ರತಿ ಊರಿಗೆ ಒಂದು ಹಾಳೆ ಮಾಡಿ. ಅದರಲ್ಲಿ ಬೇಕಾದ್ದು ಬರೆಯಿರಿ, ಆದರೆ ಒಂದು ಪ್ರಶ್ನೆ ಎಲ್ಲ ಹಾಳೆಯಲ್ಲೂ ಇರಲಿ: ಈ ಊರಿಗೆ ನೀರು ಎಲ್ಲಿಂದ ಬರುತ್ತದೆ? ಥಾರ್‌ನ ಊರುಗಳನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಮ್ಯಾಪ್‌ನಲ್ಲಿ ಸ್ಯಾಟಲೈಟ್ ನೋಟ ತೆರೆದು ಊರಿನ ಸುತ್ತ ಕೆರೆ, ಕಾಲುವೆ, ಹಸಿರು ಎಲ್ಲಿದೆ ಅಂತ ಮಕ್ಕಳಿಗೆ ಹುಡುಕಲು ಹೇಳಿ.

ಜೋಧ್‌ಪುರ. 1459ರಲ್ಲಿ ರಾವ್ ಜೋಧಾ ಕಟ್ಟಿಸಿದ ಊರು. ನೆತ್ತಿಯ ಮೇಲೆ ಮೆಹ್ರಾನ್‌ಗಢ ಕೋಟೆ, ಕೆಳಗೆ ನೀಲಿ ಬಣ್ಣದ ಮನೆಗಳು. ಎಲ್ಲರೂ ಅವನ್ನೇ ನೋಡುತ್ತಾರೆ. ನೀವು ತೂರ್‌ಜಿ ಕಾ ಝಾಲ್ರಾ ಎಂಬ 18ನೇ ಶತಮಾನದ ಮೆಟ್ಟಿಲು ಬಾವಿಯ ಚಿತ್ರ ಹುಡುಕಿ. ಬಹಳ ಕಾಲ ಕಸ, ಕೊಳಚೆಯಲ್ಲಿ ಮುಚ್ಚಿಹೋಗಿದ್ದನ್ನು ಈಚೆಗೆ ಮತ್ತೆ ತೆರೆದು ಚೊಕ್ಕ ಮಾಡಿದ್ದಾರೆ. ಇಲ್ಲಿಂದ ಸುಮಾರು 26 ಕಿ.ಮೀ. ದೂರದ ಖೇಜಡ್ಲಿ ನಮ್ಮ ದಾರಿಯಲ್ಲಿಲ್ಲ, ಆದರೂ ಓದಿಕೊಳ್ಳಿ. 1730ರಲ್ಲಿ ರಾಜನ ಕಡೆಯವರು ಖೇಜಡಿ ಮರ ಕಡಿಯಲು ಬಂದಾಗ ಅಮೃತಾ ದೇವಿ ಮರವನ್ನು ತಬ್ಬಿ ನಿಂತರು. ಮರ, ಪ್ರಾಣಿ ಕಾಯುವುದನ್ನೇ ಧರ್ಮವೆಂದು ನಂಬಿದ ಬಿಷ್ಣೋಯಿ ಪಂಥದ 363 ಜನ ಜೀವ ಕೊಟ್ಟರು. ಖೇಜಡಿ ಬೇರೆ ಯಾವುದೋ ಮರ ಅಲ್ಲ, ವಿಜಯದಶಮಿಗೆ ನಾವು ಎಲೆ ಹಂಚುವ ಬನ್ನಿ ಮರವೇ. ಅಲ್ಲಿ ಅದರ ಎಳೆ ಕಾಯಿ ಒಣಗಿಸಿ ಸಾಂಗರಿ ಪಲ್ಯ ಮಾಡುತ್ತಾರೆ, ಎಲೆ ಒಂಟೆ ಮೇಕೆಗಳಿಗೆ ಮೇವು. ಈ ವರ್ಷದ ದಸರಾದಲ್ಲಿ ಬನ್ನಿ ಕೈಗೆ ಬಂದಾಗ ನೆನಪಿಸಿಕೊಳ್ಳಿ.

ಓಸಿಯಾಂ. ದಾರಿಯಲ್ಲಿ ಮಥಾನಿಯಾ ಸಿಗುತ್ತದೆ. ನಮಗೆ ಬ್ಯಾಡಗಿ ಹೇಗೋ ಜೋಧ್‌ಪುರದವರಿಗೆ ಮಥಾನಿಯಾದ ಕೆಂಪು ಮೆಣಸಿನಕಾಯಿ ಹಾಗೆ. ಓಸಿಯಾಂನಲ್ಲಿ 8ನೇ ಶತಮಾನದ ಮಹಾವೀರ ಬಸದಿ, ಸಚಿಯಾ ಮಾತಾ ದೇವಸ್ಥಾನ ಇವೆ. ಊರಿನ ಅಂಚಿನಲ್ಲೇ ಮರಳು ದಿಬ್ಬ ಶುರು. ಇಲ್ಲಿ ಒಂದು ದಿನ ಸಾಕು, ಮುಂದೆ ಹೋಗೋಣ.

ಫಲೋದಿ. 2016ರ ಮೇ 19ರಂದು ಇಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು, ಭಾರತದ ದಾಖಲೆ ಅದು. ಉತ್ತರಕ್ಕೆ ಹೋದರೆ ಭಡ್ಲಾ ಸೌರ ಪಾರ್ಕ್, 2,245 ಮೆಗಾವ್ಯಾಟ್. ಸ್ಯಾಟಲೈಟ್ ನೋಟದಲ್ಲಿ ಮರಳಿನ ನಡುವೆ ಕಡುನೀಲಿ ಚೌಕಗಳಾಗಿ ಕಾಣುತ್ತದೆ, ತಪ್ಪದೆ ನೋಡಿ. ಆದರೆ ನಿಲ್ಲಬೇಕಾದದ್ದು ಪಕ್ಕದ ಖೀಚನ್ ಹಳ್ಳಿಯಲ್ಲಿ. ಮಂಗೋಲಿಯಾ, ಮಧ್ಯ ಏಷ್ಯಾದ ಕಡೆಯಿಂದ ಡೆಮೊಸೆಲ್ ಕ್ರೇನ್‌ಗಳು ಸಾವಿರಾರು ಸಂಖ್ಯೆಯಲ್ಲಿ ಇಲ್ಲಿಗೆ ಬರುತ್ತವೆ. ಅಲ್ಲಿಯವರು ಕುರ್ಜಾ ಅನ್ನುತ್ತಾರೆ. ಸೆಪ್ಟೆಂಬರ್‌ನಲ್ಲಿ ಬರಲು ಶುರು, ಮಾರ್ಚ್‌ವರೆಗೆ ಇರುತ್ತವೆ. ಊರಿನವರು ಬೇಲಿ ಹಾಕಿದ ಚುಗ್ಗಾ ಘರ್ ಎಂಬ ಜಾಗದಲ್ಲಿ ಕಾಳು ಹರಡುತ್ತಾರೆ. ಬೆಳಿಗ್ಗೆ ಹಕ್ಕಿಗಳು ಸಾಲು ಸಾಲಾಗಿ ಇಳಿದು ತಿಂದು, ಆಮೇಲೆ ಕೆರೆ ದಂಡೆಗೆ ನೀರಿಗೆ ಹೋಗುತ್ತವೆ. 2025ರಲ್ಲಿ ಖೀಚನ್ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್‌ಸರ್ ಪಟ್ಟಿಗೆ ಸೇರಿತು. ಮಳೆ ಇಲ್ಲದ ಊರಿನ ಜನ ದೂರದ ಹಕ್ಕಿಗೆ ತಮ್ಮ ಕಾಳು ಕೊಡುವುದು ನನಗೆ ಈ ಇಡೀ ದಾರಿಯಲ್ಲೇ ಹೆಚ್ಚು ಇಷ್ಟವಾದ ವಿಷಯ. ಒಂದು ಭಾನುವಾರ ಇದಕ್ಕೇ ಇಡಿ.

ರಾಮ್‌ದೇವ್ರಾದಲ್ಲಿ ಬಾಬಾ ರಾಮ್‌ದೇವರ ಸಮಾಧಿ ಇದೆ. ಇವರು ಹಳೆಯ ಕಾಲದ ಸಂತ, ಈಗಿನ ಯೋಗ ಗುರು ಅಲ್ಲ. ಹಿಂದೂಗಳಿಗೆ ದೇವರು, ಮುಸ್ಲಿಮರಿಗೆ ರಾಮ್‌ಸಾ ಪೀರ್. ಭಾದ್ರಪದದ ಜಾತ್ರೆಗೆ ರಾಜಸ್ಥಾನ, ಗುಜರಾತ್ ಕಡೆಯಿಂದ ಭಕ್ತರು ಬಾವುಟ ಹಿಡಿದು, ಬಟ್ಟೆಯ ಕುದುರೆ ಹೊತ್ತು ನೂರಾರು ಕಿಲೋಮೀಟರ್ ನಡೆದು ಬರುತ್ತಾರೆ. ನೀವು ನಕ್ಷೆಯ ಮೇಲೆ ದಾಟುವ ದಾರಿಯನ್ನು ಅವರು ಕಾಲಲ್ಲೇ ದಾಟುತ್ತಾರೆ. ಈ ಹಂತದಲ್ಲಿ ಒಂದು ದಿನವಾದರೂ ಓಡದೆ, ಮಾತಾಡದೆ ನಡೆಯಿರಿ.

ಪೋಖರಣ್ ಅಂದ ತಕ್ಷಣ 1974ರ ಮೇ 18, 1998ರ ಮೇ 11 ಮತ್ತು 13ರ ಅಣು ಪರೀಕ್ಷೆ ನೆನಪಾಗುತ್ತದೆ. ಜಾಗ ಇರುವುದು ಖೇತೋಲಾಯಿ ಹಳ್ಳಿಯ ಹತ್ತಿರ. ಅದನ್ನು ಎಲ್ಲರೂ ಬಲ್ಲರು. ಇಲ್ಲಿನ ಕುಂಬಾರರನ್ನು ಬಲ್ಲವರು ಕಡಿಮೆ. ಕೆಂಪು ಮಣ್ಣಿನ ಹೂಜಿ, ಮಡಕೆಗಳಿಗೆ ಈ ಊರು ಹೆಸರುವಾಸಿ, ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ತುಲಾ ಸಂಕ್ರಮಣದ ಹೊತ್ತಿಗೆ ಇಲ್ಲಿರುತ್ತೀರಿ ಅಂದೆನಲ್ಲ, ಕಾವೇರಿ ತೀರ್ಥ ಮನೆಗೆ ಬಂದ ದಿನ ನೀರಿನ ಮಡಕೆ ಮಾಡುವ ಊರಿನ ಹಾಳೆ ಬರೆಯಿರಿ.

ಜೈಸಲ್ಮೇರ್‌ಗೆ ಮುಂಚಿನ 112 ಕಿ.ಮೀ. ಬಹಳ ಉದ್ದ. ಮೂರೂವರೆ ವಾರ ಒಂದು ಊರೂ ಸಿಗದಂತೆ ಅನಿಸುತ್ತದೆ. ಗುಂಪುಗಳು ಸಾಮಾನ್ಯವಾಗಿ ಸೋಲುವುದು ಇಂಥ ಕಡೆಯೇ. ಈ ದಿನಗಳಿಗೆ ಓದು ಇಟ್ಟುಕೊಳ್ಳಿ. ಥಾರ್‌ನಲ್ಲಿ ಮೂರು ಥರದ ನೀರು ಅಂತ ಲೆಕ್ಕ: ಮೇಲೆ ಹರಿಯುವುದು, ಆಳದ ಅಂತರ್ಜಲ, ಇವೆರಡರ ನಡುವೆ ಮರಳಿನಲ್ಲಿ ತೇವವಾಗಿ ಉಳಿಯುವುದು. ಆಳದ ನೀರು ಹೆಚ್ಚಿನ ಕಡೆ ಉಪ್ಪು. ಆದರೆ ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಂ ಪದರ ಇದೆ, ಅದು ಮಳೆ ನೀರನ್ನು ಉಪ್ಪು ನೀರಿಗೆ ಸೇರಲು ಬಿಡುವುದಿಲ್ಲ. ಜನ ಅಲ್ಲಿ ಕಿರಿದಾದ ಬೇರಿ ಬಾವಿ ತೋಡುತ್ತಾರೆ. ಸುತ್ತಲಿನ ಮರಳು ಬೆವರಿದಂತೆ ನೀರು ಹನಿ ಹನಿಯಾಗಿ ಜಿನುಗಿ, ರಾತ್ರಿ ಕಳೆಯುವಾಗ ನಾಲ್ಕಾರು ಕೊಡ ಆಗುತ್ತದೆ. ಅದೇ ಜಿಪ್ಸಂ 2006ರಲ್ಲಿ ಬಾಡಮೇರ್ ಜಿಲ್ಲೆಯ ಕವಾಸ್‌ನಲ್ಲಿ ಉಲ್ಟಾ ಹೊಡೆಯಿತು. ಎಂದೂ ಕಾಣದ ಮಳೆ ಬಂದು, ನೀರು ಇಂಗಲಾರದೆ ತಿಂಗಳುಗಟ್ಟಲೆ ನಿಂತಿತು. ಮರುಭೂಮಿಯಲ್ಲಿ ನೆರೆಯಿಂದ ಜನ ಸತ್ತರು.

ಜೈಸಲ್ಮೇರ್ ಜಿಲ್ಲೆಯಲ್ಲಿ ಓರಣ್‌ಗಳಿವೆ, ದೇವರ ಹೆಸರಿನಲ್ಲಿ ಬಿಟ್ಟ ಮೇವಿನ ಕಾಡು. ದೇಗರಾಯ್ ಓರಣ್ ಅವುಗಳಲ್ಲಿ ದೊಡ್ಡದು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಅಲ್ವಾ? ನಿಮ್ಮ ಊರಿನ ದೇವರಕಾಡಿನ ಅಂಚಿನವರೆಗೆ ಒಂದು ಓಟ ಹಾಕಿ, ಒಳಗೆ ಮಾತ್ರ ಓಡಬೇಡಿ.

ಜೈಸಲ್ಮೇರ್. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಹಳದಿ ಕಲ್ಲಿನ ಕೋಟೆ. ಒಳಗೆ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಊರಿನ ನೀರು ಶತಮಾನಗಳ ಕಾಲ ಗಡೀಸರ್ ಕೆರೆಯಿಂದ ಬರುತ್ತಿತ್ತು. ತಲೆ ಮೇಲೆ ಹೊತ್ತು ತಂದ ನೀರನ್ನು ಯಾರೂ ಚೆಲ್ಲುವುದಿಲ್ಲ. ನಲ್ಲಿ ಬಂದ ಮೇಲೆ, ಹೋಟೆಲುಗಳು ಹೆಚ್ಚಿದ ಮೇಲೆ ಬಳಸಿದ ನೀರು ಗುಡ್ಡದ ಮಣ್ಣಿಗೆ ಇಳಿಯತೊಡಗಿತು. ಕೋಟೆಯ ಗೋಡೆಗಳು ಬಿರುಕು ಬಿಟ್ಟವು, ಕೆಲವು ಭಾಗ ಕುಸಿದವು. 2018ರ ಆಗಸ್ಟ್ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡ ನೀರು ಕುಡಿದರೆ ಏನಾಗುತ್ತದೆ ಅಂತ ಮಕ್ಕಂದೂರು, ಜೋಡುಪಾಲದ ಜನರಿಗೆ ಗೊತ್ತು.

ಊರಿನಿಂದ ಸ್ವಲ್ಪ ಆಚೆ ಕುಲ್ಧರಾ, ಪಾಲಿವಾಲರು ಬಿಟ್ಟುಹೋದ ಹಳ್ಳಿ. ದೆವ್ವದ ಕಥೆಗಳು ಬೇಕಾದಷ್ಟು ಸಿಗುತ್ತವೆ, ಅವನ್ನು ಬಿಡಿ. ಪಾಲಿವಾಲರ ಖಡೀನ್ ನೋಡಿ. ಬಂಡೆಗಲ್ಲಿನ ಇಳಿಜಾರಿನಿಂದ ಹರಿದು ಬಂದ ಮಳೆ ನೀರಿಗೆ ತಗ್ಗಿನಲ್ಲಿ ಉದ್ದನೆಯ ಮಣ್ಣಿನ ಏರಿ ಹಾಕುತ್ತಾರೆ. ನೀರು ನಿಂತು ಇಂಗುತ್ತದೆ. ಮಿಕ್ಕದ್ದನ್ನು ಬಿಟ್ಟು, ಆ ತೇವದಲ್ಲೇ ಚಳಿಗಾಲದ ಗೋಧಿ, ಕಡಲೆ ಬಿತ್ತುತ್ತಾರೆ. ಮತ್ತೆ ನೀರು ಹಾಯಿಸುವುದೇ ಇಲ್ಲ. ಗದ್ದೆಗೆ ಬದು ಕಟ್ಟಿ ಗೊತ್ತಿರುವ ಹಿರಿಯರಿಗೆ ಇದರ ಚಿತ್ರ ತೋರಿಸಿ, ನಿಮಗಿಂತ ಬೇಗ ಅವರಿಗೆ ಅರ್ಥವಾಗುತ್ತದೆ.

ರಾಮ್‌ಗಢ, ಲೋಂಗೇವಾಲಾ, ತನೋಟ್. ಸ್ಯಾಟಲೈಟ್ ನೋಟದಲ್ಲಿ ರಾಮ್‌ಗಢದ ಸುತ್ತ ಮರಳಿನ ನಡುವೆ ಹಸಿರು ತುಂಡುಗಳು ಕಾಣುತ್ತವೆ. ಅದು ಇಂದಿರಾ ಗಾಂಧಿ ಕಾಲುವೆಯ ಶಾಖೆಗಳ ನೀರು. ಪಂಜಾಬಿನ ಹರಿಕೆಯಿಂದ ಹೊರಡುವ ಈ ಕಾಲುವೆಯ ಉದ್ದ 649 ಕಿ.ಮೀ., ನಿಮ್ಮ ಓಟಕ್ಕಿಂತ ಉದ್ದ. ಬೆಳೆ ಬಂತು, ಜೊತೆಗೆ ಕೆಲವು ಕಡೆ ನೀರು ನಿಂತು ಭೂಮಿ ಜೌಗಾಗಿ ಉಪ್ಪೇರಿತು. ಎರಡನ್ನೂ ಹಾಳೆಯಲ್ಲಿ ಬರೆಯಿರಿ.

ಲೋಂಗೇವಾಲಾದ ಹಂತಕ್ಕೆ ಮುಂಚೆ ಮಡಿಕೇರಿಯ ಸನ್ನಿಸೈಡ್‌ಗೆ ಹೋಗಿ ಬನ್ನಿ. ಜನರಲ್ ತಿಮ್ಮಯ್ಯನವರ ಮನೆ, 2021ರಿಂದ ವಸ್ತುಸಂಗ್ರಹಾಲಯ. 1971ರ ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಕೈಕೆಳಗೆ 23ನೇ ಪಂಜಾಬ್ ಬೆಟಾಲಿಯನ್‌ನ ಸುಮಾರು 120 ಜನ ಲೋಂಗೇವಾಲಾ ಠಾಣೆಯಲ್ಲಿದ್ದರು. ಎದುರಿಗೆ ಟ್ಯಾಂಕುಗಳ ಸಮೇತ ಬಂದ ಪಾಕಿಸ್ತಾನದ ದೊಡ್ಡ ಪಡೆ. ಜೈಸಲ್ಮೇರ್‌ನಲ್ಲಿದ್ದ ಹಂಟರ್ ವಿಮಾನಗಳಿಗೆ ರಾತ್ರಿ ಹೊಡೆಯುವ ಅನುಕೂಲ ಇರಲಿಲ್ಲ. ಬೆಳಕು ಹರಿಯುವವರೆಗೆ ಆ 120 ಜನ ಠಾಣೆ ಬಿಟ್ಟುಕೊಡಲಿಲ್ಲ. ಬೆಳಗಾದ ಮೇಲೆ ಮೆತ್ತನೆ ಮರಳಿನಲ್ಲಿ ಸಿಕ್ಕಿಬಿದ್ದ ಟ್ಯಾಂಕುಗಳು ವಿಮಾನಗಳಿಗೆ ಸುಲಭವಾಗಿ ಸಿಕ್ಕವು.

ಈ ಹಂತದಲ್ಲಿ ನಿಮ್ಮೂರಿನ ಮಾಜಿ ಸೈನಿಕರೊಬ್ಬರನ್ನು ಮನೆಗೆ ಕರೆಯಿರಿ. ಯುದ್ಧದ ಬಗ್ಗೆಯೇ ಕೇಳಬೇಕು ಅಂತಿಲ್ಲ, ಎಷ್ಟೋ ಜನಕ್ಕೆ ಆ ಮಾತು ಇಷ್ಟವಿರುವುದಿಲ್ಲ. "ಮಾವ, ಅಲ್ಲಿ ದಿನಕ್ಕೆ ಎಷ್ಟು ನೀರು ಕೊಡ್ತಿದ್ರು?" ಅಂತ ಕೇಳಿ. ನಕ್ಷೆಯ ಮುಂದೆ ಕುರ್ಚಿ ಹಾಕಿ ಕಾಫಿ ಕೊಡಿ. ಸ್ನಾನ ಹೇಗೆ ಮಾಡುತ್ತಿದ್ದರು, ಮರಳ ಗಾಳಿ ಎದ್ದರೆ ಊಟಕ್ಕೆ ಏನು ಮಾಡುತ್ತಿದ್ದರು, ಮನೆಯಿಂದ ಬಂದ ಕಾಗದ ಎಷ್ಟು ದಿನಕ್ಕೆ ಸಿಗುತ್ತಿತ್ತು, ಒಂದೊಂದೇ ಹೊರಗೆ ಬರುತ್ತದೆ. ಅವರು ಒಪ್ಪಿದರೆ ಮಾತ್ರ ಬರೆದುಕೊಳ್ಳಿ.

ತನೋಟ್‌ನಲ್ಲಿ ಮಾತೆಯ ದೇವಸ್ಥಾನ, ಪೂಜೆ ನೋಡಿಕೊಳ್ಳುವವರು ಬಿಎಸ್‌ಎಫ್ ಜವಾನರು. 1965ರ ಯುದ್ಧದಲ್ಲಿ ಸುತ್ತ ಬಿದ್ದ ಶೆಲ್‌ಗಳು ಸಿಡಿಯಲಿಲ್ಲ ಅನ್ನುವುದು ಭಕ್ತರ ನಂಬಿಕೆ, ಅಂಥ ಕೆಲವನ್ನು ಅಲ್ಲಿ ಇಟ್ಟಿದ್ದಾರೆ. ನಿಮ್ಮ ದಾರಿ ಇಲ್ಲಿಗೆ ಮುಗಿಯಿತು. ಕೊನೆಯ ಕಿಲೋಮೀಟರನ್ನು ಎಲ್ಲರೂ ಒಂದೇ ಜಾಗದಲ್ಲಿ ಸೇರಿ ಓಡಿ.

ನಿಜವಾಗಿಯೂ ಹೋಗಬೇಕು ಅನಿಸಿದರೆ

ಅನಿಸಿಯೇ ಅನಿಸುತ್ತದೆ. ಜನವರಿ, ಫೆಬ್ರವರಿ ಒಳ್ಳೆಯ ಕಾಲ, ಖೀಚನ್‌ನಲ್ಲಿ ಹಕ್ಕಿಗಳೂ ಇರುತ್ತವೆ. ಬೆಂಗಳೂರಿನಿಂದ ಜೋಧ್‌ಪುರಕ್ಕೆ ರೈಲಿದೆ. ಜೋಧ್‌ಪುರ–ಜೈಸಲ್ಮೇರ್ ರೈಲು ಓಸಿಯಾಂ, ಫಲೋದಿ, ರಾಮ್‌ದೇವ್ರಾ ಮೇಲೆಯೇ ಹೋಗುತ್ತದೆ, ಕಿಟಕಿ ಪಕ್ಕ ಹಗಲಿನ ಸೀಟು ಹಿಡಿಯಿರಿ. ಜೈಸಲ್ಮೇರ್‌ನಿಂದ ಮುಂದೆ ಬಾಡಿಗೆ ಕಾರು. ತನೋಟ್ ದಾಟಿ ಗಡಿಯ ಕಡೆ ಹೋಗಲು ಅನುಮತಿ ಬೇಕು, ನಿಯಮ ಬದಲಾಗುತ್ತಿರುತ್ತದೆ, ಜೈಸಲ್ಮೇರ್‌ನಲ್ಲೇ ವಿಚಾರಿಸಿ. ಬೆಳಗಿನ ಚಳಿಗೆ ಸ್ವೆಟರ್ ಇರಲಿ. ಓಡುವ ಶೂ ಮರೆಯಬೇಡಿ, ಜೊತೆಗೆ ನೀವು ಬರೆದ ಹಾಳೆಗಳ ಫೈಲೂ ಇರಲಿ. ಖಾಲಿ ಬಿಟ್ಟ ಪ್ರಶ್ನೆಗಳನ್ನು ಅಲ್ಲಿಯವರ ಹತ್ತಿರವೇ ಕೇಳಿ ತುಂಬಿಸಬಹುದು.